ಸ್ಟಾಲ್ ಆಗಿ ವಿಮಾನ ಬೀಳ್ತಿರುವಾಗ ಮೂತಿ ಇನ್ನೂ ಕೆಳಗೆ ಮಾಡು ಅಂತ ಯಾಕೆ ಕಲಿಸ್ತಾರೆ?
ಮೂತಿ ತಗ್ಗಿಸಿದ್ರೇನೇ ರೆಕ್ಕೆ ಮತ್ತೆ ಕೆಲಸ ಮಾಡೋದು, ಅದಕ್ಕೆ. ಸ್ಟಾಲ್ ಅಂದ್ರೆ ಇಂಜಿನ್ ನಿಂತೋಗೋದಲ್ಲ, ಎದುರು ಬರೋ ಗಾಳಿಗೆ ರೆಕ್ಕೆ ಸುಮಾರು 15-18 ಡಿಗ್ರಿಗಿಂತ ಜಾಸ್ತಿ ಓರೆಯಾದ್ರೆ ಗಾಳಿ ರೆಕ್ಕೆ ಮೇಲ್ಭಾಗಕ್ಕೆ ಅಂಟ್ಕೊಂಡು ಹರಿಯೋದು ಬಿಟ್ಟು ಚೆದುರುತ್ತೆ, ಎತ್ತೋ ಬಲ ಕುಸಿಯುತ್ತೆ. ಮೂತಿ ತಗ್ಗಿಸಿದ್ರೆ ಆ ಓರೆ ಕಮ್ಮಿಯಾಗಿ ಗಾಳಿ ಮತ್ತೆ ಅಂಟ್ಕೊಂಡು ಹರಿಯುತ್ತೆ.

ಕಷ್ಟ ಏನಂದ್ರೆ, ಬೀಳ್ತಿದೀವಿ ಅನ್ನಿಸಿದ ತಕ್ಷಣ ಕೈ ತಾನಾಗೇ ಯೋಕ್‌ನ, ಅಂದ್ರೆ ಸ್ಟೀರಿಂಗ್ ಥರದ ಹಿಡಿಕೆನ, ಹಿಂದಕ್ಕೆ ಎಳೆಯುತ್ತೆ, ಸ್ಟಾಲ್ ಇನ್ನೂ ಜೋರಾಗುತ್ತೆ. ಈ ಅಭ್ಯಾಸ ಮಾತಲ್ಲಿ ಹೇಳಿದ್ರೆ ಹೋಗಲ್ಲ. ಅದಕ್ಕೇ ಸೆಸ್ನಾ 172 ಅನ್ನೋ ಚಿಕ್ಕ ತರಬೇತಿ ವಿಮಾನದಲ್ಲಿ ಸಾಕಷ್ಟು ಎತ್ತರಕ್ಕೆ ಹೋಗಿ ಬೇಕಂತಲೇ ಸ್ಟಾಲ್ ಮಾಡಿಸ್ತಾರೆ, ಎಡ ರೆಕ್ಕೆ ಕಡೆಯಿಂದ ಸ್ಟಾಲ್ ಎಚ್ಚರಿಕೆಯ ಹಾರ್ನ್ ಪೀಪಿ ಥರ ಕೂಗುತ್ತೆ, ವಿಮಾನ ಗಡಗಡ ನಡುಗುತ್ತೆ, ಆಗ ಮೊದ್ಲು ಯೋಕ್ ಮುಂದಕ್ಕೆ, ಆಮೇಲೆ ಫುಲ್ ಪವರ್, ಒಂದು ಕಡೆ ವಾಲ್ತಿದ್ರೆ ಕಾಲಲ್ಲಿ ರಡ್ಡರ್ (ಬಾಲದಲ್ಲಿರೋ, ಮೂತಿನ ಎಡಕ್ಕೆ-ಬಲಕ್ಕೆ ತಿರುಗಿಸೋ ಪಟ್ಟಿ). ಹಾರ್ನ್ ನಿಲ್ಲುತ್ತೆ, ವಿಮಾನ ಮತ್ತೆ ಕೈಗೆ ಸಿಗುತ್ತೆ.