ಸೆಲ್ಫ್ ಹೊಡೆದು ಬೋಲ್ಟ್ ಬಿಚ್ಚಬೇಡಿ

ಹಾಸನದ ಓದುಗರೊಬ್ಬರು ತಮ್ಮ 2001ರ ಹೋಂಡಾ ಸಿಟಿಯ ಟೈಮಿಂಗ್ ಬೆಲ್ಟ್ ಬದಲಿಸಲು ಮನೆಯಲ್ಲೇ ಕೈ ಹಾಕಿದ್ದಾರೆ. ಕ್ರ್ಯಾಂಕ್ ಪುಲ್ಲಿಯ (ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ತುದಿಯ ಚಕ್ರ) ಬೋಲ್ಟ್ ಜಪ್ಪಯ್ಯ ಅಂದರೂ ಅಲುಗುತ್ತಿಲ್ಲವಂತೆ. ‘ಬೋಲ್ಟಿಗೆ ಹಾಕಿದ ರಾಡನ್ನು ನೆಲಕ್ಕೆ ಒರಗಿಸಿ ಒಂದು ಸಲ ಸೆಲ್ಫ್ ಹೊಡಿ, ತಾನಾಗೇ ಬಿಡುತ್ತೆ’ ಎಂದು ಗೆಳೆಯರೊಬ್ಬರು ಹೇಳಿದ್ದಾರೆ. ಮಾಡಲೇ? ತಿರುಗಿ ಹಾಕುವಾಗ ಎಷ್ಟು ಬಿಗಿ ಬೇಕು? ಹಳೇ ಬೋಲ್ಟೇ ನಡೆಯುತ್ತಾ? ಇವು ಅವರ ಪ್ರಶ್ನೆಗಳು.

ಸೆಲ್ಫ್ ಉಪಾಯ ನಿಮ್ಮ ಕಾರಿಗೆ ಬೇಡವೇ ಬೇಡ. ಹೆಚ್ಚಿನ ಎಂಜಿನ್‌ಗಳು ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಅಲ್ಲಿ ಈ ಉಪಾಯ ನಡೆಯುತ್ತದೆ, ಕೈಕಾಲಿನ ಮೇಲೆ ಆಸೆ ಬಿಟ್ಟವರಿಗೆ. ನಿಮ್ಮದು ಹೋಂಡಾದ ಹಳೇ ಡಿ ಸರಣಿಯ ಎಂಜಿನ್, ಅದು ತಿರುಗುವುದೇ ಉಲ್ಟಾ. ಬೋಲ್ಟಿನ ಥ್ರೆಡ್ ಮಾತ್ರ ಮಾಮೂಲಿಯದು. ಸೆಲ್ಫ್ ಹೊಡೆದರೆ ಬೋಲ್ಟ್ ಇನ್ನೂ ಬಿಗಿಯಾಗುತ್ತದೆ, ಅಷ್ಟೇ.

ಎಡಗಡೆ ಮುಂದಿನ ಚಕ್ರ ತೆಗೆಯಿರಿ. ಜಾಕಿಯೊಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಪುಲ್ಲಿಯ ನಡುವೆ ಆರು ಮೂಲೆಯ ತಗ್ಗು ಕಾಣುತ್ತದೆ. ಅದರಲ್ಲಿ ಕೂರುವ 50 ಮಿ.ಮೀ. ಹೋಲ್ಡರ್ ಅಂಗಡಿಯಲ್ಲಿ ಸಿಗುತ್ತದೆ. ಅದು ಪುಲ್ಲಿಯನ್ನು ಹಿಡಿದರೆ ಸಾಕೆಟ್ ಅದರ ನಡುವಿನಿಂದ ಒಳಗೆ ಹೋಗುತ್ತದೆ. ಉದ್ದ ಎಕ್ಸ್‌ಟೆನ್ಷನ್ ಬಾಗದಂತೆ ಅದರ ಕೆಳಗೆ ಇನ್ನೊಂದು ಸ್ಟ್ಯಾಂಡ್ ಇಡಿ. ಆಮೇಲೆ ರಾಡಿಗೆ ಪೈಪ್ ತೊಡಿಸಿ. ಒಂದು ಮೀಟರ್ ಪೈಪಿನ ತುದಿಗೆ 40 ಕಿಲೋ ಭಾರ ಬಿಟ್ಟರೆ ಸುಮಾರು 390 ನ್ಯೂಟನ್ ಮೀಟರ್ ತಿರುಗಿಸುವ ಬಲ (ಟಾರ್ಕ್) ಬೀಳುತ್ತದೆ. ‘ಟಕ್’ ಎಂಬ ಶಬ್ದಕ್ಕೆ ಹೆದರಬೇಡಿ, ಬೋಲ್ಟ್ ಬಿಟ್ಟಿತು ಅಂತ ಅರ್ಥ. ಬೋಲ್ಟಿಗೆ ಬೆಂಕಿ ತೋರಿಸಲು ಹೋಗಬೇಡಿ, ಹಿಂದೆಯೇ ರಬ್ಬರಿನ ಆಯಿಲ್ ಸೀಲ್ ಇದೆ.

ಇನ್ನು ಬಿಗಿ. ‘ಕೀ ಇದೆಯಲ್ಲ, ಪುಲ್ಲಿ ಎಲ್ಲಿಗೆ ಹೋಗುತ್ತೆ’ ಎನ್ನುವವರು ಜಾಸ್ತಿ. ಆದರೆ ಕೀ, ಅಂದರೆ ಪುಲ್ಲಿಗೂ ಕ್ರ್ಯಾಂಕಿಗೂ ನಡುವೆ ಕೂರುವ ಲೋಹದ ಸಣ್ಣ ತುಂಡು, ಇರುವುದು ಪುಲ್ಲಿಯನ್ನು ಸರಿಯಾದ ಜಾಗದಲ್ಲಿ ಕೂರಿಸಲು. ಭಾರ ಹೊರುವುದು ಬೋಲ್ಟ್ ಒತ್ತಿ ಹಿಡಿಯುವ ಹಿಡಿತ. ಅದು ಸಡಿಲವಾದರೆ ಕೀ ತಾನು ಕೂರುವ ತಗ್ಗನ್ನು ದಿನವೂ ಸವೆಸುತ್ತದೆ. ಮಜ್ದಾ ಮಿಯಾಟಾ ಕಾರಿನ ಮೊದಲ ವರ್ಷಗಳ 1.6 ಲೀಟರ್ ಎಂಜಿನ್‌ಗಳು ಇದಕ್ಕೇ ಹೆಸರು ಕೆಡಿಸಿಕೊಂಡವು. ಕ್ರ್ಯಾಂಕೇ ಹಾಳಾಗುತ್ತಿತ್ತು. ತೊಂಬತ್ತರ ದಶಕದ ಡಿ ಸರಣಿಯ ಸಿವಿಕ್‌ಗೆ ಹೋಂಡಾ ಹೇಳಿದ್ದು 181 ನ್ಯೂಟನ್ ಮೀಟರ್. ನಿಮ್ಮ ಸಿಟಿಯ ಮ್ಯಾನುಯಲ್ ತೆಗೆದು ಅದರ ಅಂಕಿಯನ್ನೇ ನೋಡಿ. ಥ್ರೆಡ್‌ಗೆ ಎಣ್ಣೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದನ್ನೂ ಅಲ್ಲೇ ನೋಡಿ. ಎಣ್ಣೆ ಹಚ್ಚಿದರೆ ಅದೇ ಅಂಕಿಯಲ್ಲಿ ಬೋಲ್ಟ್ ಹೆಚ್ಚು ಎಳೆಯುತ್ತದೆ. ಇಂಪ್ಯಾಕ್ಟ್ ಗನ್ ಬಿಚ್ಚಲು ಇರಲಿ, ಹಾಕುವಾಗ ಬಿಗಿ ಅಳೆಯುವ ಟಾರ್ಕ್ ರೆಂಚ್ ಹಿಡಿಯಿರಿ.

ಹಳೇ ಬೋಲ್ಟಿನ ಥ್ರೆಡ್ ಸರಿಯಿದ್ದು, ಕೈಯಿಂದ ಸಲೀಸಾಗಿ ಒಳಗೆ ತಿರುಗಿದರೆ ಅದೇ ನಡೆಯುತ್ತದೆ. ತಲೆಯ ಮೂಲೆ ಸವೆದಿದ್ದರೆ ಹೊಸದು ತನ್ನಿ.