ಗಣಿತದಿಂದ ಸಾಹಿತ್ಯದವರೆಗೆ ಎಲ್ಲವನ್ನೂ ‘ಸಂಶೋಧನೆ’ ಎಂದು ಕರೆಯಬಹುದೇ?

ತಾವು ಕೇಳಿರುವುದರಲ್ಲಿ ಮೂರು ಪ್ರಶ್ನೆಗಳು ಅಡಗಿವೆ. ಪ್ರಯೋಗಾಲಯವೇ ಇಲ್ಲದ ಇತಿಹಾಸ, ಭಾಷೆ, ಸಾಹಿತ್ಯದಂಥ ವಿಷಯಗಳಲ್ಲಿ ಹೊಸದಾಗಿ ಕಂಡುಹಿಡಿಯಲು ಏನಿದೆ ಎಂಬುದು ಮೊದಲನೆಯದು. ಗಣಿತದಿಂದ ಸಾಹಿತ್ಯದವರೆಗಿನ ಇಷ್ಟೊಂದು ಬಗೆಯ ಕೆಲಸಕ್ಕೆ ‘ಸಂಶೋಧನೆ’ ಎಂಬ ಒಂದೇ ಹೆಸರು ಒಪ್ಪುತ್ತದೆಯೇ ಎಂಬುದು ಎರಡನೆಯದು. ಒಪ್ಪುವುದಾದರೆ ಎಲ್ಲವನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಹುದೇ ಎಂಬುದು ಮೂರನೆಯದು. ನಾನು ವಿಶ್ವವಿದ್ಯಾಲಯವೊಂದರ ಗ್ರಂಥಾಲಯದಲ್ಲಿ ಪರಾಮರ್ಶನ ವಿಭಾಗ ನೋಡಿಕೊಳ್ಳುವವನು. ಈ ಯಾವ ವಿಷಯದಲ್ಲೂ ನಾನು ಪಂಡಿತನಲ್ಲವಾದರೂ, ಎಲ್ಲ ವಿಭಾಗಗಳ ಸಂಶೋಧಕರೂ ನನ್ನ ಮೇಜಿನ ಬಳಿ ಬರುವುದರಿಂದ ಯಾರು ಏನನ್ನು ಹುಡುಕುತ್ತಾರೆ, ಸಿಕ್ಕಿದ್ದನ್ನು ಹೇಗೆ ಅನುಮಾನಿಸುತ್ತಾರೆ ಎಂಬುದು ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಆ ಆಧಾರದ ಮೇಲೆ ಹೇಳುವುದಾದರೆ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹೌದು, ಮೂರನೆಯದಕ್ಕೆ ಇಲ್ಲ. ಮೊದಲನೆಯದನ್ನು ಮಾತ್ರ ಉದಾಹರಣೆಗಳ ಮೂಲಕವೇ ವಿವರಿಸಬೇಕು.

ಕಣ್ಣಿಗೆ ಕಾಣದ ವಸ್ತುವೊಂದು ಇರಲೇಬೇಕು ಎಂದು ಲೆಕ್ಕ ಹಾಕಿ ಹೇಳುವುದು, ಆಮೇಲೆ ಅದು ನಿಜವಾಗಿಯೂ ಸಿಗುವುದು, ಇದನ್ನು ನಾವು ವಿಜ್ಞಾನದ ದೊಡ್ಡ ಗೆಲುವು ಎಂದು ಎಣಿಸುತ್ತೇವೆ. ಯುರೇನಸ್ ಗ್ರಹದ ಚಲನೆಯಲ್ಲಿ ಕಂಡ ಏರುಪೇರಿನಿಂದ ಫ್ರಾನ್ಸಿನ ಖಗೋಳ ವಿಜ್ಞಾನಿ ಲೆವೆರಿಯೆ ಇನ್ನೊಂದು ಗ್ರಹದ ಸ್ಥಾನವನ್ನು ಲೆಕ್ಕ ಹಾಕಿದ. 1846ರಲ್ಲಿ ಬರ್ಲಿನ್ನಿನ ಗಾಲೆ ದೂರದರ್ಶಕವನ್ನು ಅತ್ತ ತಿರುಗಿಸಿದಾಗ, ಲೆಕ್ಕ ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ಕಿತು. ಇದು ಬಹಳ ಜನರಿಗೆ ಗೊತ್ತು. ಭಾಷಾವಿಜ್ಞಾನದಲ್ಲೂ ಇದೇ ಬಗೆಯ ಪ್ರಸಂಗ ನಡೆದಿರುವುದು ಅಷ್ಟಾಗಿ ಗೊತ್ತಿಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮುಂತಾದ ಭಾಷೆಗಳ ಸ್ವರಗಳನ್ನು ಹೋಲಿಸಿ ನೋಡುತ್ತಿದ್ದ ಫರ್ಡಿನಾಂಡ್ ದ ಸೊಸ್ಯೂರ್ ಎಂಬ ಇಪ್ಪತ್ತೊಂದರ ತರುಣ, ಇವುಗಳ ಮೂಲಭಾಷೆಯಲ್ಲಿ ಕೆಲವು ಧ್ವನಿಗಳು ಇದ್ದಿರಲೇಬೇಕು, ಅವು ತಿಳಿದಿರುವ ಎಲ್ಲ ಭಾಷೆಗಳಲ್ಲೂ ಅಳಿದುಹೋಗಿ ಪಕ್ಕದ ಸ್ವರವನ್ನು ದೀರ್ಘ ಮಾಡಿ ಗುರುತು ಬಿಟ್ಟಿವೆ ಎಂದು ವಾದಿಸಿದ. ಆ ಪುಸ್ತಕದ ಮೇಲೆ 1879 ಎಂದು ಅಚ್ಚಾಗಿದೆ. ಆಗ ಆ ಧ್ವನಿಗಳನ್ನು ಉಳಿಸಿಕೊಂಡ ಭಾಷೆ ಒಂದೂ ಯಾರಿಗೂ ತಿಳಿದಿರಲಿಲ್ಲ. ಮುಂದೆ ಟರ್ಕಿಯ ಉತ್ಖನನದಲ್ಲಿ ಸಿಕ್ಕ ಜೇಡಿಮಣ್ಣಿನ ಫಲಕಗಳ ಭಾಷೆಯನ್ನು 1915ರಲ್ಲಿ ಹ್ರೋಜ್ನಿ ಓದಿ ತೋರಿಸಿದ. ಅದು ಇದೇ ಕುಟುಂಬದ ಹಿಟ್ಟೈಟ್ ಭಾಷೆ. ಸೊಸ್ಯೂರ್ ಹೇಳಿದ್ದ ಜಾಗಗಳಲ್ಲಿ ಹಿಟ್ಟೈಟ್‌ನಲ್ಲಿ ಹಕಾರದಂಥ ವ್ಯಂಜನವೊಂದು ಕಾಣಿಸಿಕೊಳ್ಳುತ್ತದೆ ಎಂಬುದನ್ನು 1927ರಲ್ಲಿ ಕುರಿಲೋವಿಚ್ ಎಂಬ ವಿದ್ವಾಂಸ ಗುರುತಿಸಿದ. ಕಾಪಾಡು ಎಂಬ ಅರ್ಥದಲ್ಲಿ ಸಂಸ್ಕೃತದಲ್ಲಿ ದೀರ್ಘಸ್ವರದ ‘ಪಾ’ ಧಾತು ಇದ್ದರೆ ಹಿಟ್ಟೈಟ್‌ನಲ್ಲಿ ‘ಪಹ್ಸ್’ ಇದೆ. ಸೊಸ್ಯೂರ್ 1913ರಲ್ಲೇ ತೀರಿಕೊಂಡಿದ್ದ. ಪ್ರಯೋಗಾಲಯವಿಲ್ಲದ ವಿಷಯದಲ್ಲಿ ಕಂಡುಹಿಡಿಯಲು ಏನಿದೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇದೇ ಕಥೆಯನ್ನು.

ಭೌತವಿಜ್ಞಾನ ಮೇಲಿನ ಮೆಟ್ಟಿಲು, ರಸಾಯನ ಮತ್ತು ಜೀವವಿಜ್ಞಾನ ಅದರ ಕೆಳಗೆ, ಸಮಾಜ ವಿಜ್ಞಾನಗಳು ಇನ್ನೂ ಕೆಳಗೆ, ಸಾಹಿತ್ಯ ನೆಲದ ಮೇಲೆ ಎಂಬ ಏಣಿಯ ಚಿತ್ರವೊಂದು ಅನೇಕರ ಮನಸ್ಸಿನಲ್ಲಿ ಇರುತ್ತದೆ. ಅದು ನನಗೆ ಒಪ್ಪಿಗೆಯಿಲ್ಲ. ನಾನು ನೋಡಿದಂತೆ ದೊಡ್ಡ ವ್ಯತ್ಯಾಸ ಇರುವುದು, ಮತ್ತೆ ಮತ್ತೆ ನಡೆಸಿ ನೋಡಬಹುದಾದ ಸಂಗತಿಗಳನ್ನು ಅಧ್ಯಯನ ಮಾಡುವವರಿಗೂ ಒಮ್ಮೆ ಮಾತ್ರ ನಡೆದುಹೋದದ್ದನ್ನು ಅಧ್ಯಯನ ಮಾಡುವವರಿಗೂ ನಡುವೆ. ಜರ್ಮನಿಯ ತತ್ತ್ವಶಾಸ್ತ್ರಜ್ಞ ವಿಂಡೆಲ್‌ಬಾಂಡ್ 1894ರಷ್ಟು ಹಿಂದೆಯೇ, ನಿಯಮಗಳನ್ನು ಅರಸುವ ಅರಿವು ಬೇರೆ, ಒಂದೊಂದು ಘಟನೆಯನ್ನೇ ಅದರ ವಿಶಿಷ್ಟತೆಯಲ್ಲಿ ಅರಿಯುವುದು ಬೇರೆ ಎಂದು ಹೇಳಿದ್ದ. ಅವನ ಈ ಗೆರೆ ವಿಜ್ಞಾನದ ಒಳಗೂ ಹಾದುಹೋಗುತ್ತದೆ. ಡೈನೋಸಾರುಗಳ ಅಳಿವನ್ನೇ ನೋಡಿ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಆ ಘಟನೆಯನ್ನು ಯಾರೂ ಮತ್ತೆ ನಡೆಸಿ ತೋರಿಸಲಾರರು. ಭೌತವಿಜ್ಞಾನಿ ಲೂಯಿಸ್ ಆಲ್ವರೆಜ್, ಅವನ ಮಗ ಭೂವಿಜ್ಞಾನಿ ವಾಲ್ಟರ್ ಮತ್ತು ಇಬ್ಬರು ರಸಾಯನ ವಿಜ್ಞಾನಿಗಳು ಸೇರಿ 1980ರಲ್ಲಿ ಮಾಡಿದ್ದು ಒಬ್ಬ ಇತಿಹಾಸಕಾರ ಮಾಡುವಂಥ ಕೆಲಸವನ್ನೇ: ಆ ಕಾಲದ ಮಣ್ಣಿನ ತೆಳುವಾದ ಪದರವೊಂದರಲ್ಲಿ ಇರಿಡಿಯಂ ಎಂಬ ಧಾತು ಅಸಹಜವಾಗಿ ಹೆಚ್ಚಿರುವುದನ್ನು ಗಮನಿಸಿ, ಭೂಮಿಯ ಮೇಲ್ಪದರದಲ್ಲಿ ಅಪರೂಪವಾದ ಇದು ಕ್ಷುದ್ರಗ್ರಹದಿಂದ ಬಂದಿರಬೇಕು ಎಂದು ತರ್ಕಿಸಿದರು. ಮೆಕ್ಸಿಕೋದ ಯುಕಾಟಾನ್ ಪ್ರದೇಶದಲ್ಲಿ ಹೂತುಹೋಗಿರುವ ಸುಮಾರು 180 ಕಿಲೋಮೀಟರ್ ಅಗಲದ ಕುಳಿಯೇ ಆ ಅಪ್ಪಳಿಕೆಯ ಗುರುತು ಎಂದು 1991ರಲ್ಲಿ ಬೇರೆಯವರು ತೋರಿಸಿಕೊಟ್ಟ ಮೇಲೆ ವಾದಕ್ಕೆ ಬಲ ಬಂತು. ಭೂವಿಜ್ಞಾನಿ, ಖಗೋಳ ವಿಜ್ಞಾನಿ, ಇತಿಹಾಸಕಾರ ಮೂವರೂ ಉಳಿದಿರುವ ಚೂರುಪಾರಿನಿಂದಲೇ ಹಿಂದಿನದನ್ನು ಕಟ್ಟಿಕೊಳ್ಳಬೇಕಾದವರು, ಮತ್ತು ಈ ಮಟ್ಟಿಗೆ ರಸಾಯನ ವಿಜ್ಞಾನಿಗಿಂತ ಪರಸ್ಪರ ಹತ್ತಿರದ ನೆಂಟರು.

ಗಣಿತವಂತೂ ಈ ಎರಡು ಗುಂಪಿಗೂ ಸೇರುವುದಿಲ್ಲ. ಅಲ್ಲಿ ಉದಾಹರಣೆಗಳ ರಾಶಿಗೆ ಪುರಾವೆಯ ಬೆಲೆಯೇ ಇಲ್ಲ. ಒಂದರಿಂದ ಯಾವುದೇ ಸಂಖ್ಯೆಯವರೆಗೆ ಎಣಿಸಿದರೂ, ಬೆಸ ಎಣಿಕೆಯ ಅವಿಭಾಜ್ಯ ಅಪವರ್ತನಗಳಿರುವ (ಒಂದೇ ಅಪವರ್ತನ ಮರಳಿ ಬಂದರೆ ಅಷ್ಟೂ ಸಲ ಎಣಿಸಬೇಕು) ಸಂಖ್ಯೆಗಳು ಕನಿಷ್ಠ ಅರ್ಧದಷ್ಟು ಇದ್ದೇ ಇರುತ್ತವೆ ಎಂದು 1919ರಲ್ಲಿ ಗಣಿತಜ್ಞ ಪೋಲ್ಯಾ ಊಹಿಸಿದ. ಎಷ್ಟು ದೂರ ಪರೀಕ್ಷಿಸಿದರೂ ಅದು ಸರಿಯಾಗಿಯೇ ಬರುತ್ತಿತ್ತು. 1958ರಲ್ಲಿ ಹೇಸಲ್‌ಗ್ರೋವ್ ಅದು ಸುಳ್ಳೆಂದು ಸಾಧಿಸಿದ. ಊಹೆ ಮೊತ್ತಮೊದಲು ಮುರಿದುಬೀಳುವುದು 90,61,50,257ರಲ್ಲಿ ಎಂದು ಆಮೇಲೆ ಗೊತ್ತಾಯಿತು. ತೊಂಬತ್ತು ಕೋಟಿ ಸಲ ನಿಜವಾದದ್ದನ್ನು ಬೇರೆ ಯಾವ ವಿಭಾಗವಾದರೂ ಕಣ್ಣುಮುಚ್ಚಿ ನಿಯಮವೆಂದು ಒಪ್ಪಿಕೊಳ್ಳುತ್ತಿತ್ತು.

ಇಷ್ಟೆಲ್ಲ ಭಿನ್ನವಾಗಿದ್ದರೂ ಒಂದೇ ಹೆಸರು ಸರಿಯೆಂದು ನಾನು ಹೇಳುವುದಕ್ಕೆ ಕಾರಣವಿದೆ. ಎಲ್ಲ ವಿಭಾಗಗಳಲ್ಲೂ ಹುಡುಕುವುದಕ್ಕಿಂತ ಹೆಚ್ಚು ಶ್ರಮ ಹೋಗುವುದು, ತಮ್ಮ ಸಾಕ್ಷಿ ಎಲ್ಲಿ ಸುಳ್ಳು ಹೇಳುತ್ತಿರಬಹುದು ಎಂದು ಪತ್ತೆಹಚ್ಚುವುದರಲ್ಲಿ ಮತ್ತು ಆ ಪರೀಕ್ಷೆಯನ್ನು ಇನ್ನೊಬ್ಬರೂ ಮಾಡಿ ನೋಡಲು ಬರುವಂತೆ ದಾರಿಯನ್ನು ತೆರೆದಿಡುವುದರಲ್ಲಿ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಪಶ್ಚಿಮದ ಆಳ್ವಿಕೆಯನ್ನೇ ಪೋಪರಿಗೆ ದಾನ ಕೊಟ್ಟನೆಂದು ಹೇಳುವ ದಾನಪತ್ರವೊಂದು ಶತಮಾನಗಳ ಕಾಲ ಚಲಾವಣೆಯಲ್ಲಿತ್ತು. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಲ್ಲಾ ಅದರ ಲ್ಯಾಟಿನ್ ಭಾಷೆಯನ್ನು ಸಾಲುಸಾಲಾಗಿ ಜಾಲಾಡಿ, ನಾಲ್ಕನೆಯ ಶತಮಾನದ ರೋಮಿನ ಅಧಿಕಾರಿಗಳಿಗೆ ಸಲ್ಲದ ‘ಸಾತ್ರಪ’ ಎಂಬ ಪದವಿ ಅದರಲ್ಲಿ ಹೇಗೆ ಬಂತು ಎಂಬಂಥ ಪ್ರಶ್ನೆಗಳನ್ನು ಎತ್ತಿ, ಅದು ಬಹಳ ಕಾಲದ ನಂತರ ಯಾರೋ ಸೃಷ್ಟಿಸಿದ ಖೋಟಾ ಪತ್ರವೆಂದು ತೋರಿಸಿದ. ಅಧಿಕಾರಸ್ಥರ ದಾಖಲೆಯನ್ನು ವ್ಯಾಕರಣ ಮತ್ತು ಪದಬಳಕೆಯ ಬಲದಿಂದ ಕೆಡವಬಹುದೆಂಬುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಗ್ರಂಥಸಂಪಾದನೆ ಮಾಡುವವರಲ್ಲಿ ಈ ಅನುಮಾನದ ವಿದ್ಯೆ ಇನ್ನೂ ಸೂಕ್ಷ್ಮವಾಗಿ ಬೆಳೆದಿದೆ. ಕವಿಯ ಕೈಬರಹ ಕಳೆದುಹೋಗಿ ಪ್ರತಿಯ ಪ್ರತಿಗಳು ಮಾತ್ರ ಉಳಿದಿರುವಾಗ, ಯಾವ ಹಸ್ತಪ್ರತಿ ಯಾವುದರಿಂದ ಇಳಿದುಬಂದಿದೆ ಎಂದು ತಿಳಿಯಲು ಅವರು ನೋಡುವುದು ಸರಿಯಾದ ಪಾಠಗಳನ್ನಲ್ಲ, ತಪ್ಪುಗಳನ್ನು. ಎರಡು ಪ್ರತಿಗಳು ಸರಿಯಾಗಿರುವುದು ಮೂಲದಿಂದಲೇ ಬಂದಿರಬಹುದು. ಒಂದೇ ವಿಚಿತ್ರ ತಪ್ಪು ಎರಡರಲ್ಲೂ ಇದ್ದರೆ ಅವುಗಳ ಹಿಂದೆ ಆ ತಪ್ಪು ಮಾಡಿದ ಒಬ್ಬನೇ ಲಿಪಿಕಾರ ಇದ್ದಾನೆ ಎಂದರ್ಥ. ಜೀವವಿಜ್ಞಾನಿಗಳು ಪ್ರಭೇದಗಳ ವಂಶವೃಕ್ಷ ಕಟ್ಟುವಾಗ ನೆಚ್ಚಿಕೊಳ್ಳುವುದೂ ಇದೇ ತರ್ಕವನ್ನು, ಅಂದರೆ ಪೂರ್ವಜನಲ್ಲಿ ಒಮ್ಮೆ ಆಗಿ ಸಂತತಿಯಲ್ಲೆಲ್ಲ ಉಳಿದುಬಂದ ಬದಲಾವಣೆಗಳನ್ನು. ಹಾಗಾಗಿಯೇ 1998ರಲ್ಲಿ ಚಾಸರ್ ಎಂಬ ಹಳೆಯ ಇಂಗ್ಲಿಷ್ ಕವಿಯ ಕಾವ್ಯಭಾಗವೊಂದರ 58 ಹಸ್ತಪ್ರತಿಗಳನ್ನು ಜೀವವಿಕಾಸದ ಅಧ್ಯಯನಕ್ಕೆ ಬಳಸುವ ಗಣಕ ವಿಧಾನದಿಂದಲೇ ವಿಶ್ಲೇಷಿಸಿದ ಲೇಖನವೊಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ವಿಭಾಗಗಳು ಒಂದನ್ನೊಂದು ನೋಡದೆ ಒಂದೇ ಉಪಾಯಕ್ಕೆ ಬಂದು ನಿಂತಿದ್ದವು.

ನನಗೆ ಅತ್ಯಂತ ಪ್ರಿಯವಾದ ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಇಂದಿನ ಇರಾಕಿನಲ್ಲಿದ್ದ ಪ್ರಾಚೀನ ನಗರ ಬ್ಯಾಬಿಲೋನಿನ ವೀಕ್ಷಕರು ಗ್ರಹಣಗಳ ವಿವರವನ್ನು ಜೇಡಿಮಣ್ಣಿನ ಫಲಕಗಳ ಮೇಲೆ ಬೆಣೆಲಿಪಿಯಲ್ಲಿ ಬರೆದಿಡುತ್ತಿದ್ದರು. ಸೂರ್ಯೋದಯವಾಗಿ ಅಥವಾ ಸೂರ್ಯಾಸ್ತವಾಗಿ ಎಷ್ಟು ಹೊತ್ತಿಗೆ ಗ್ರಹಣ ಹಿಡಿಯಿತು ಎಂಬುದನ್ನು ‘ಉಷ್’ ಎಂಬ ಮಾನದಲ್ಲಿ ನಮೂದಿಸುತ್ತಿದ್ದರು. ಒಂದು ಉಷ್ ಎಂದರೆ ನಮ್ಮ ನಾಲ್ಕು ನಿಮಿಷ. ಕ್ರಿ.ಪೂ. 136ರಲ್ಲಿ ಅಲ್ಲಿ ಖಗ್ರಾಸ ಸೂರ್ಯಗ್ರಹಣ ಕಂಡಿತೆಂದು, ಹಗಲಿನಲ್ಲೇ ಗ್ರಹಗಳು ಕಾಣಿಸಿದುವೆಂದು ಫಲಕಗಳು ಹೇಳುತ್ತವೆ. ಇಂದಿನ ಲೆಕ್ಕದಿಂದ ಹಿಂದಕ್ಕೆ ಹೋಗಿ, ಭೂಮಿ ಆಗಲೂ ಈಗಿನ ವೇಗದಲ್ಲೇ ತಿರುಗುತ್ತಿತ್ತು ಎಂದು ಇಟ್ಟುಕೊಂಡರೆ, ಆ ಗ್ರಹಣದ ನೆರಳು ಬ್ಯಾಬಿಲೋನಿನ ಮೇಲೆ ಹಾಯುವುದೇ ಇಲ್ಲ, ಸಾವಿರಾರು ಕಿಲೋಮೀಟರ್ ಪಶ್ಚಿಮಕ್ಕೆ ಬೀಳುತ್ತದೆ. ವೀಕ್ಷಕರು ನೋಡಿದ್ದು ನಿಜವಾದರೆ ಭೂಮಿಯ ಗಡಿಯಾರವೇ ಅಂದಿನಿಂದ ಇಂದಿಗೆ ಮೂರು ಗಂಟೆಗೂ ಹೆಚ್ಚು ಹಿಂದೆ ಬಿದ್ದಿರಬೇಕು. ದಿನಕ್ಕೆ ಸೆಕೆಂಡಿನ ನೂರರ ಕೆಲವೇ ಭಾಗಗಳಷ್ಟಿರುವ ವ್ಯತ್ಯಾಸ, ಹನಿಗೂಡಿದರೆ ಹಳ್ಳ ಎಂಬಂತೆ, ಏಳೂವರೆ ಲಕ್ಷಕ್ಕೂ ಹೆಚ್ಚು ದಿನಗಳಲ್ಲಿ ಕೂಡಿ ಅಷ್ಟಾಗುತ್ತದೆ.

ಇಂಥ ದಾಖಲೆಗಳನ್ನು ಬ್ಯಾಬಿಲೋನ್, ಚೀನಾ, ಗ್ರೀಸ್ ಮತ್ತು ಅರಬ್ ಮೂಲಗಳಿಂದ ಒಟ್ಟುಗೂಡಿಸಿದ ಸ್ಟೀಫನ್‌ಸನ್, ಮಾರಿಸನ್ ಮತ್ತು ಹೋಹೆನ್‌ಕರ್ಕ್ 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಕ್ರಿ.ಪೂ. 720ರಿಂದೀಚೆಗೆ ದಿನದ ಅವಧಿ ಶತಮಾನಕ್ಕೆ ಸರಾಸರಿ 1.78 ಮಿಲಿಸೆಕೆಂಡ್‌ನಂತೆ ಹೆಚ್ಚಿದೆ. ಚಂದ್ರನ ಸೆಳೆತದಿಂದಾಗುವ ಉಬ್ಬರವಿಳಿತಗಳ ಕಾರಣದಿಂದಷ್ಟೇ ಆಗಿದ್ದರೆ ಅದು ಸುಮಾರು 2.3 ಮಿಲಿಸೆಕೆಂಡ್ ಇರಬೇಕಿತ್ತು. ಉಳಿದ ಆ ಚಿಕ್ಕ ಅಂತರದಲ್ಲಿ ಭೂಭೌತ ವಿಜ್ಞಾನಿಗಳಿಗೆ ಕೆಲಸವಿದೆ: ಹಿಮಯುಗದ ಹಿಮದ ಹೊರೆ ಇಳಿದ ಮೇಲೆ ಧ್ರುವಗಳ ಬಳಿಯ ನೆಲ ಇಂದಿಗೂ ನಿಧಾನವಾಗಿ ಮೇಲೇಳುತ್ತಿರುವುದರಿಂದ ಭೂಮಿಯ ಆಕಾರವೇ ಸ್ವಲ್ಪ ಬದಲಾಗಿ, ತಿರುಗುವ ವೇಗದ ಮೇಲೆ ಅದರ ಪರಿಣಾಮ ಕಾಣುತ್ತದೆ. ಬ್ಯಾಬಿಲೋನಿನ ಫಲಕಗಳ ಭಾಷೆಯಾದ, ಈಗ ಸತ್ತುಹೋದ ಅಕ್ಕಾಡಿಯನ್‌ನ ಕ್ರಿಯಾಪದವೊಂದನ್ನು ತಪ್ಪಾಗಿ ಓದಿದ್ದರೆ, ಗ್ರಹಣವನ್ನು ‘ಕಂಡೆವು’ ಎನ್ನುವ ಫಲಕವನ್ನೂ ‘ಕಾಣಬೇಕಿತ್ತು’ ಎಂದು ಮುನ್ಸೂಚನೆ ಬರೆದ ಫಲಕವನ್ನೂ ಬೇರ್ಪಡಿಸದೆ ಹೋಗಿದ್ದರೆ, ಈ ಲೆಕ್ಕದ ಬುಡವೇ ಅಲುಗುತ್ತಿತ್ತು. ಅಂಥ ಲಿಪಿ ಓದುವವರಿಗೆ ಸಂಬಳ ಏಕೆ ಕೊಡಬೇಕು ಎಂದು ಕೇಳುವವರು ಎಲ್ಲ ಕಡೆ ಇರುತ್ತಾರೆ. ಅವರಿಗೆ ಭೂಗರ್ಭದ ಮಾತಿನಿಂದ ಉತ್ತರ ಕೊಡಬಹುದಾದದ್ದು ನನಗೆ ಒಂದು ಬಗೆಯ ಸಂತೋಷ. ಹಾಗೆಂದು ಇನ್ನೊಂದು ವಿಭಾಗಕ್ಕೆ ಉಪಯೋಗವಾದರೆ ಮಾತ್ರ ಲಿಪಿಶಾಸ್ತ್ರಕ್ಕೆ ಬೆಲೆ ಎಂದು ನಾನು ಹೇಳುತ್ತಿಲ್ಲ.

ಎಲ್ಲ ಕಡೆಯೂ ಪರೀಕ್ಷೆ ಚೆನ್ನಾಗಿ ನಡೆಯುತ್ತದೆ ಎಂದು ಹೇಳಿದರೆ ಅದು ಹೊಗಳಿಕೆಯ ಮಾತಾದೀತು. ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಬೇರೆಯವರು ಹೊಸದಾಗಿ ನಡೆಸಿ ನೋಡಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಮೂಲ ಅಧ್ಯಯನಗಳಲ್ಲಿ ಶೇಕಡಾ 97 ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯ ಫಲಿತಾಂಶ ತೋರಿಸಿದ್ದವು. ಮರುಪರೀಕ್ಷೆಯಲ್ಲಿ ಹಾಗೆ ತೋರಿದ್ದು ಶೇಕಡಾ 36 ಮಾತ್ರ. ಇದನ್ನು ಆ ವಿಷಯದ ಸೋಲೆಂದು ಕೆಲವರು ಓದಿದರು. ತನ್ನ ಮನೆಯ ಹುಳುಕನ್ನು ತಾನೇ ಎಣಿಸಿ ಬರೆದಿಟ್ಟ ವಿಭಾಗವನ್ನು ನಾನಾದರೆ ಹೆಚ್ಚು ನಂಬುತ್ತೇನೆ. ಮಾನವಿಕ ವಿಷಯಗಳಲ್ಲಿ ಹುಳುಕು ಬೇರೆ ರೂಪದಲ್ಲಿರುತ್ತದೆ: ಮೂಲ ಆಕರವನ್ನು ತೆರೆಯದೆಯೇ ಹಿಂದಿನವರ ಅಡಿಟಿಪ್ಪಣಿಯಿಂದ ಅಡಿಟಿಪ್ಪಣಿ ಎತ್ತಿಕೊಳ್ಳುವುದು. ಒಂದೇ ತಪ್ಪು ಪುಟಸಂಖ್ಯೆಯನ್ನು ಹಿಡಿದು ಬೇರೆ ಬೇರೆ ಕಡೆಯಿಂದ ಬಂದವರಿಗೆ ಪುಸ್ತಕ ತೆಗೆದುಕೊಡುವಾಗ, ಮೇಲೆ ಹೇಳಿದ ಲಿಪಿಕಾರನ ನೆನಪು ನನಗೆ ಬರದೆ ಇರುವುದಿಲ್ಲ.

ಇನ್ನು ಅಳತೆಗೋಲಿನ ಪ್ರಶ್ನೆ. ಹಿಗ್ಸ್ ಎಂಬ ಮೂಲಕಣದ ದ್ರವ್ಯರಾಶಿಯನ್ನು ಕುರಿತು 2015ರಲ್ಲಿ ಬಂದ ಭೌತವಿಜ್ಞಾನದ ಲೇಖನಕ್ಕೆ 5,154 ಲೇಖಕರಿದ್ದರು. ಅದರ 33 ಪುಟಗಳಲ್ಲಿ 24 ಪುಟ ಲೇಖಕರು ಮತ್ತು ಅವರ ಸಂಸ್ಥೆಗಳ ಹೆಸರಿಗೇ ಮೀಸಲಾಗಿದ್ದವು. ಇತಿಹಾಸಕಾರ್ತಿಯೊಬ್ಬರು ದಾಖಲೆಗಳ ನಡುವೆ ವರ್ಷಗಟ್ಟಲೆ ಕುಳಿತು ಒಂಟಿಯಾಗಿ ಒಂದು ಪುಸ್ತಕ ಬರೆಯುತ್ತಾರೆ. ಜೀವವಿಜ್ಞಾನದ ಲೇಖನದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಕೆಲಸ ಮಾಡಿದವರದ್ದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದ್ದು; ಗಣಿತದಲ್ಲಿ ಹೆಸರುಗಳು ಅಕಾರಾದಿಯಾಗಿ ಬರುವುದರಿಂದ ಮೊದಲು ಬಂದವರಿಗೆ ವಿಶೇಷವೇನೂ ಇಲ್ಲ. ಇವರೆಲ್ಲರನ್ನೂ ‘ಎಷ್ಟು ಲೇಖನ ಬರೆದಿರಿ, ಯಾವ ಪತ್ರಿಕೆಯಲ್ಲಿ’ ಎಂಬ ಒಂದೇ ನಮೂನೆಯಲ್ಲಿ ತುಂಬಿಸುವುದು ಅನ್ಯಾಯವಷ್ಟೇ ಅಲ್ಲ, ಪೆದ್ದುತನವೂ ಹೌದು. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಂಕಿಯನ್ನೇ ತೆಗೆದುಕೊಳ್ಳಿ: ಪತ್ರಿಕೆಯೊಂದರ ಹಿಂದಿನ ಎರಡು ವರ್ಷಗಳ ಲೇಖನಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದು ಅದರ ಲೆಕ್ಕ. ಯಾವ ಪತ್ರಿಕೆಗೆ ಚಂದಾ ಕಟ್ಟಬೇಕೆಂದು ನಿರ್ಧರಿಸಲು ನಮ್ಮಂಥ ಗ್ರಂಥಪಾಲಕರಿಗೆ ಅದು ಉಪಯುಕ್ತವೇ. ಆದರೆ ಎರಡು ವರ್ಷದ ಕಿಟಕಿ ಬೇಗ ಬೇಗ ಓಡುವ ಜೀವವೈದ್ಯಕೀಯ ವಿಷಯಗಳಿಗೆ ಹೊಂದುತ್ತದೆಯೇ ಹೊರತು, ಲೇಖನವೊಂದು ದಶಕಗಳ ನಂತರವೂ ಉಲ್ಲೇಖಗೊಳ್ಳುವ ಗಣಿತಕ್ಕಾಗಲಿ, ಪುಸ್ತಕವೇ ಮುಖ್ಯವಾಗಿರುವ ಇತಿಹಾಸಕ್ಕಾಗಲಿ ಹೊಂದುವುದಿಲ್ಲ. ಸೊಸ್ಯೂರ್‌ನ ವಾದಕ್ಕೆ ಪುರಾವೆ ಸಿಗುವುದಕ್ಕೇ ಅರ್ಧ ಶತಮಾನ ಹಿಡಿಯಿತು. ಪತ್ರಿಕೆಯ ಅಂಕಿಯಿಂದ ವ್ಯಕ್ತಿಯ ಸಂಶೋಧನೆಯನ್ನು ಅಳೆಯಬಾರದು ಎಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2012ರಲ್ಲಿ ರೂಪುಗೊಂಡ ಘೋಷಣೆಯೊಂದಕ್ಕೆ ಜಗತ್ತಿನ ಅನೇಕ ಸಂಸ್ಥೆಗಳು ಸಹಿ ಹಾಕಿವೆ.

ಹಾಗಾದರೆ ಗೊತ್ತಿಲ್ಲದ ವಿಷಯದ ಸಂಶೋಧನೆಯೊಂದರ ಗುಣವನ್ನು ತಿಳಿಯುವುದು ಹೇಗೆ ಎಂದು ತಾವು ಕೇಳಬಹುದು. ಅಂಥ ಮಹಾಪ್ರಬಂಧವೊಂದು ಕೈಗೆ ಬಂದರೆ ನಾನು ತೀರ್ಮಾನಗಳ ಅಧ್ಯಾಯಕ್ಕೆ ಹೋಗುವುದಿಲ್ಲ. ಆಕರಗಳನ್ನು ಹೇಗೆ ಆರಿಸಿಕೊಂಡರು, ಯಾವುದನ್ನು ಏಕೆ ಬಿಟ್ಟರು, ತಮ್ಮ ವಾದಕ್ಕೆ ವಿರುದ್ಧವಾಗಿ ಸಿಕ್ಕ ಸಂಗತಿಯನ್ನು ಎಲ್ಲಿ ಇಟ್ಟರು ಎಂಬುದನ್ನು ಹೇಳುವ ಪುಟಗಳನ್ನು ಹುಡುಕುತ್ತೇನೆ. ಅದು ರಸಾಯನ ವಿಜ್ಞಾನದಲ್ಲಿ ವಿಧಾನದ ಅಧ್ಯಾಯದಲ್ಲಿರುತ್ತದೆ, ಇತಿಹಾಸದಲ್ಲಿ ಬಹುಪಾಲು ಅಡಿಟಿಪ್ಪಣಿಗಳಲ್ಲಿರುತ್ತದೆ, ಗ್ರಂಥಸಂಪಾದನೆಯಲ್ಲಿ ಪುಟದ ಕೆಳಗಿನ ಪಾಠಾಂತರಗಳ ಸಾಲಿನಲ್ಲಿರುತ್ತದೆ. ಆ ಪುಟಗಳೇ ಇಲ್ಲದಿದ್ದರೆ ವಿಷಯ ಯಾವುದೇ ಆಗಿರಲಿ, ಪುಸ್ತಕವನ್ನು ಮುಚ್ಚಿಡುತ್ತೇನೆ.