ರಾತ್ರಿಯೊಳಗೆ ಕ್ಷಮಿಸಲೇಬೇಕಾ?

ಸೂರ್ಯ ಮುಳುಗುವ ಮೊದಲೇ ಕೋಪ ತೀರಲಿ ಎನ್ನುತ್ತದೆ ಬೈಬಲಿನ ಎಫೆಸದವರಿಗೆ ಬರೆದ ಪತ್ರಿಕೆ (4:26). ನನ್ನ ಬಳಿ ಸಲಹೆಗೆ ಬರುವ ಕ್ರೈಸ್ತ ದಂಪತಿಗಳು ಈ ವಚನವನ್ನು ಮತ್ತೆ ಮತ್ತೆ ಹೇಳುತ್ತಾರೆ. ತಪ್ಪಾಗಿ ಬಳಸುವುದೂ ಅಷ್ಟೇ ಜಾಸ್ತಿ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಗಂಡ ಚರ್ಚ್ ಸಭೆಯ ಕ್ವಾಯರ್‌ನಲ್ಲಿ (ಗಾಯನ ತಂಡದಲ್ಲಿ) ಹಾಡುವವರು. ಕೈ ಎತ್ತಿದವರಲ್ಲ. ಆದರೆ ಊಟ ತಡವಾದರೆ, ಮಗಳ ಮಾರ್ಕ್ಸ್ ಕಡಿಮೆಯಾದರೆ, ಗಾಡಿ ಕೀ ಸಿಗದಿದ್ದರೆ ಮನೆಯೆಲ್ಲ ನಡುಗುವಂಥ ಕೂಗಾಟ. ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಇದೇ ವಚನ ಓದಿ, "ಎಲ್ಲರೂ ಕ್ಷಮಿಸಿಬಿಡೋಣ" ಎನ್ನುತ್ತಿದ್ದರು. ಹೆಂಡತಿ ಆಮೆನ್ ಅನ್ನಬೇಕು.

ಎರಡನೇ ಭೇಟಿಯಲ್ಲಿ ಆತ, "ನಾನು ಕೋಪ ಇಟ್ಟುಕೊಳ್ಳುವವನಲ್ಲ ಮೇಡಂ. ಮಲಗೋ ಹೊತ್ತಿಗೆ ಎಲ್ಲ ಮರೆತಿರ್ತೀನಿ. ಇವಳೇ ಮನಸ್ಸಲ್ಲಿ ಇಟ್ಕೊಂಡು ಕೂರ್ತಾಳೆ" ಎಂದರು.

ಅಲ್ಲಿವರೆಗೆ ಸುಮ್ನೆ ಕೂತಿದ್ದ ಆಕೆ ತಲೆ ಎತ್ತಿದರು. "ನಿಮ್ಮ ಕೋಪ ರಾತ್ರಿಗೆ ಮುಗಿಯುತ್ತೆ ರೀ. ನನಗೆ ನೋಯೋಕೆ ಪುರುಸೊತ್ತು ಸಿಗೋದೇ ಆಗ."

ಆತನ ಹತ್ತಿರ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತಾಯನ ಸುವಾರ್ತೆ 5:23-24 ಅನ್ನು ಆತನ ಕೈಲೇ ಓದಿಸಿದೆ. ಕಾಣಿಕೆ ತಂದವನಿಗೆ, ಸಹೋದರನ ಮನಸ್ಸಲ್ಲಿ ತನ್ನ ಮೇಲೆ ಏನೋ ಇದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎನ್ನುತ್ತಾರೆ ಯೇಸುಸ್ವಾಮಿ. ಎದ್ದು ಹೋಗಬೇಕಾದವನು ನೋಯಿಸಿದವನೇ ಅಲ್ವಾ?

ನನ್ನ ಸಲಹೆ ಇಷ್ಟು. ಪ್ರಾರ್ಥನೆಗೆ ಕೂರುವ ಮೊದಲು ಹೆಂಡತಿ, ಮಗಳ ಹತ್ತಿರ ಹೋಗಿ. ಇಂಥ ಮಾತು ಆಡಿದೆ, ಅದು ತಪ್ಪು ಎನ್ನಿ. "ನೀನೂ ಹಾಗೆ ಮಾಡಿದ್ದಕ್ಕೆ" ಎಂದು ಸೇರಿಸಬೇಡಿ. ಕ್ಷಮಿಸಿದೆ ಎನ್ನಿಸಿಕೊಳ್ಳಲು ಕಾಯಬೇಡಿ. ದನಿ ಏರುವ ಮೊದಲೇ "ಹತ್ತು ನಿಮಿಷ ಬಿಟ್ಟು ಬರ್ತೀನಿ" ಎಂದು ಹೇಳಿ ಹೊರಗೆ ಹೋಗಿ. ಹೇಳದೆ ಹೋದರೆ ಅದೂ ಬೆದರಿಕೆಯೇ. ಹೊರಗೆ ನಿಂತು, ದೇವರು ಬೈಬಲಿನ ಪ್ರವಾದಿ ಯೋನನಿಗೆ ಕೇಳಿದ್ದನ್ನು ನಿಮಗೇ ಕೇಳಿಕೊಳ್ಳಿ: ನೀನು ಸಿಟ್ಟಾಗುವುದು ಸರಿಯಾ? ಒಂದು ಗಿಡ ಒಣಗಿದ್ದಕ್ಕೆ ಸಾಯುವಷ್ಟು ಸಿಟ್ಟಾದವನು ಯೋನ. ಗಾಡಿ ಕೀ ಅದಕ್ಕಿಂತ ದೊಡ್ಡದಲ್ಲ.

ಮುಂದಿನ ಸಲ ಬಂದಾಗ, "ಮಗಳಿಗೆ ಹೇಳಿದೆ. ಅವಳು ಮಾತಾಡದೆ ಒಳಗೆ ಹೋದಳು. ಸಿಟ್ಟು ಬಂತು, ಹೊರಗೆ ಹೋಗಿ ನಿಂತೆ" ಎಂದರು. ನನಗೆ ತುಂಬಾ ಸಂತೋಷವಾಯಿತು.

ಕ್ಷಮೆಯನ್ನು ತಡ ಮಾಡಲು ಕಲಿಸ್ತೀರಾ ಎಂದು ಒಬ್ಬ ಸಭಾಪಾಲಕರು (ಪಾಸ್ಟರ್) ಕೇಳಿದರು. ಇಲ್ಲ. ಏಳೆಪ್ಪತ್ತು ಸಾರಿ ಕ್ಷಮಿಸಬೇಕೆಂದು ನಾನೂ ನಂಬುತ್ತೇನೆ. ಆದರೆ ಯೇಸುಸ್ವಾಮಿ ಆ ಮಾತು ಹೇಳಿದ್ದು, ಎಷ್ಟು ಸಾರಿ ಕ್ಷಮಿಸಲಿ ಎಂದು ತಾನಾಗಿ ಕೇಳಿದ ಶಿಷ್ಯ ಪೇತ್ರನಿಗೆ. ನೋಯಿಸಿದವನು ಅದನ್ನು ಹಿಡಿದು ವಸೂಲಿಗೆ ಬರುವಂತಿಲ್ಲ.

ಕೈ ಎತ್ತುವ ಮನೆಗೆ ಈ ಸಲಹೆ ಸಾಲದು. ಅಲ್ಲಿರುವವರು ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ಸಭೆಯವರಿಗೆ ಆಮೇಲೆ ಹೇಳಿದರೂ ನಡೆಯುತ್ತದೆ.